ಹೌನ್ಸ್‌ಲೋದಲ್ಲಿ ನಿರುದ್ಯೋಗ ಭತ್ಯೆ ಪಡೆಯುವವರ ಲೆಕ್ಕ: ಗೆರೆ ಏರಿದ್ದು ಕೆಲಸ ಹೋಗಿದ್ದಕ್ಕಾ, ನಿಯಮ ಬದಲಾಗಿದ್ದಕ್ಕಾ?

ಹೆಸ್ಟನ್_ಹಾಸನದವಳು · ಶನಿವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನಿರುವುದು ಹೆಸ್ಟನ್‌ನಲ್ಲಿ. ಲಂಡನ್ನಿನ ಪಶ್ಚಿಮ ತುದಿ, ಹೌನ್ಸ್‌ಲೋ ಬರೋಗೆ ಸೇರಿದ ಜಾಗ. ಊರಿನಲ್ಲಿರುವವರಿಗೆ ಹೇಳುವುದಾದರೆ ಬರೋ ಅಂದರೆ ನಮ್ಮ ನಗರಪಾಲಿಕೆ ಇದ್ದ ಹಾಗೆ. ಶನಿವಾರ ಬೆಳಿಗ್ಗೆ ಇಲ್ಲಿನ ಒಂದು ಸಮುದಾಯ ಭವನದಲ್ಲಿ ಕೂತು, ಯುನಿವರ್ಸಲ್ ಕ್ರೆಡಿಟ್, ಅಂದರೆ ಕೆಲಸ ಇಲ್ಲದವರಿಗೂ ಕಡಿಮೆ ಸಂಪಾದನೆಯವರಿಗೂ ಸರ್ಕಾರ ಕೊಡುವ ಭತ್ಯೆ, ಅದರ ಅರ್ಜಿ ತುಂಬಲು ಕಷ್ಟಪಡುವವರಿಗೆ ಸಹಾಯ ಮಾಡುತ್ತೇನೆ. ಐದು ವರ್ಷ ಆಯಿತು.

ಇವತ್ತು ಒಬ್ಬ ಹುಡುಗ ಒಂದು ಗ್ರಾಫ್ ಪ್ರಿಂಟ್ ಮಾಡಿಕೊಂಡು ಬಂದಿದ್ದ. ನಮ್ಮ ಬರೋದಲ್ಲಿ ನಿರುದ್ಯೋಗ ಭತ್ಯೆ ಪಡೆಯುವವರ ಸಂಖ್ಯೆ, ತಿಂಗಳಿಗೊಂದು ಚುಕ್ಕೆ. 2020ರ ವಸಂತದಲ್ಲಿ ಗೆರೆ ಗೋಡೆ ಹತ್ತಿದ ಹಾಗೆ ನೆಟ್ಟಗೆ ಏರುತ್ತದೆ. ವರ್ಷವಿಡೀ ಮೇಲೇ ಇರುತ್ತದೆ. ಆಮೇಲೆ ಇಳಿಯುತ್ತದೆ, ಆದರೆ ಕೊರೋನಾ ಮುಂಚಿನ ಮಟ್ಟಕ್ಕೆ ವಾಪಸ್ ಬರುವುದೇ ಇಲ್ಲ. "ಆಂಟಿ, ವಿಮಾನ ಎಲ್ಲಾ ಹಾರ್ತಾ ಇದೆ, ಹೋಟೆಲ್ ತುಂಬಿದೆ, ಮತ್ತೆ ಇಷ್ಟೊಂದು ಜನಕ್ಕೆ ಕೆಲಸ ಯಾಕಿಲ್ಲ?" ಅಂತ ಕೇಳಿದ.

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಒಂದು ವಿಷಯ ಮನಸ್ಸಿಗೆ ಬಂತು. ನನ್ನ ಮೇಜಿನ ಮುಂದೆ ಈ ಬೆಳಿಗ್ಗೆ ಕೂತ ಏಳು ಜನರಲ್ಲಿ ನಾಲ್ವರು ಕೆಲಸಕ್ಕೆ ಹೋಗುವವರು. ಒಬ್ಬಾಕೆ ಸಮವಸ್ತ್ರದಲ್ಲೇ ಬಂದಿದ್ದಳು. ಅವರೆಲ್ಲ ಈ ಗೆರೆಯೊಳಗೆ ಇದ್ದಾರಾ? ಇದ್ದರೆ ಇದನ್ನು ನಿರುದ್ಯೋಗದ ಗೆರೆ ಅನ್ನುವುದು ಹೇಗೆ? ಗೊತ್ತಿರುವವರು ಬಿಡಿಸಿ ಹೇಳಿ. ಮುಂದಿನ ಶನಿವಾರ ಆ ಹುಡುಗ ಮತ್ತೆ ಬರುತ್ತಾನೆ.

ಅಂಕಿ_ಲೆಕ್ಕ · ಶನಿವಾರ ರಾತ್ರಿ 10.25

ಅಕ್ಕಾ, ನಾನು ಬೇರೆ ಊರಿನ ಒಂದು ಕೌನ್ಸಿಲ್‌ನಲ್ಲಿ ಇದೇ ಅಂಕಿಗಳ ಜೊತೆ ಕೆಲಸ ಮಾಡುತ್ತೇನೆ. ನಿಮ್ಮ ಅನುಮಾನ ಸರಿಯಾಗಿದೆ. ಹೌದು, ಅವರಲ್ಲಿ ಕೆಲವರು ಆ ಗೆರೆಯೊಳಗೆ ಇರಬಹುದು.

ಆ ಗ್ರಾಫ್‌ಗೆ ಇಲ್ಲಿ ಕ್ಲೈಮೆಂಟ್ ಕೌಂಟ್ ಅನ್ನುತ್ತಾರೆ. ರಾಷ್ಟ್ರೀಯ ಅಂಕಿಅಂಶ ಕಚೇರಿ, ಅಂದರೆ ಓಎನ್‌ಎಸ್, ಪ್ರತಿ ತಿಂಗಳು ಕೊಡುತ್ತದೆ. ತಿಂಗಳ ಎರಡನೇ ಗುರುವಾರ ಯಾರು ಭತ್ಯೆಯ ಪಟ್ಟಿಯಲ್ಲಿದ್ದಾರೆ ಅಂತ ನೋಡುತ್ತಾರೆ. ನೋಮಿಸ್ ಅನ್ನುವ ಜಾಲತಾಣದಲ್ಲಿ ಬರೋ ಮಟ್ಟಕ್ಕೂ ವಾರ್ಡ್ ಮಟ್ಟಕ್ಕೂ ಸಿಗುತ್ತದೆ. ಯಾರು ಬೇಕಾದರೂ ತೆಗೆದು ನೋಡಬಹುದು, ದುಡ್ಡಿಲ್ಲ. ಸಂಖ್ಯೆಗಳನ್ನು ಹತ್ತಿರದ ಐದಕ್ಕೆ ಸರಿ ಮಾಡಿರುತ್ತಾರೆ, ಹಾಗಾಗಿ ಸಣ್ಣ ವಾರ್ಡಿನಲ್ಲಿ ಹತ್ತು ಹದಿನೈದರ ಏರಿಳಿತ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ.

ಇದರಲ್ಲಿ ಎರಡು ಗುಂಪು ಇದೆ. ಒಂದು, ಜಾಬ್‌ಸೀಕರ್ಸ್ ಅಲೋವೆನ್ಸ್ ಅನ್ನುವ ಬೇರೆ ನಿರುದ್ಯೋಗ ಭತ್ಯೆ ಪಡೆಯುವವರು. ಇವರು ಈಗ ತುಂಬಾ ಕಡಿಮೆ. ಎರಡನೆಯದು ದೊಡ್ಡದು. ಯುನಿವರ್ಸಲ್ ಕ್ರೆಡಿಟ್ ಪಡೆಯುವವರಲ್ಲಿ "ಸರ್ಚಿಂಗ್ ಫಾರ್ ವರ್ಕ್" (ಕೆಲಸ ಹುಡುಕಬೇಕಾದವರು) ಅನ್ನುವ ಡಬ್ಬಿಯಲ್ಲಿ ಹಾಕಿದವರು. ಡಬ್ಬಿ ಅನ್ನುವ ಮಾತನ್ನು ಬೇಕಂತಲೇ ಬಳಸಿದೆ. ಯುನಿವರ್ಸಲ್ ಕ್ರೆಡಿಟ್ ಒಳಗೆ ಇಂಥ ಆರು ಡಬ್ಬಿ ಇವೆ. ಆರೋಗ್ಯ ಸರಿಯಿಲ್ಲದೆ ಕೆಲಸದ ಷರತ್ತೇ ಇಲ್ಲದವರು ಒಂದರಲ್ಲಿ. ಸಾಕಷ್ಟು ದುಡಿಯುತ್ತಿರುವವರು ಇನ್ನೊಂದರಲ್ಲಿ. ಕ್ಲೈಮೆಂಟ್ ಕೌಂಟ್ ಎಣಿಸುವುದು ಒಂದೇ ಡಬ್ಬಿಯನ್ನು.

ಆ ಡಬ್ಬಿಯ ಬಾಯಿ ಎಷ್ಟು ಅಗಲ ಅನ್ನುವುದನ್ನು ಸರ್ಕಾರ ತೀರ್ಮಾನಿಸುತ್ತದೆ. ಮುಖ್ಯ ವಿಷಯ ಇದು. ಅರೆಕಾಲಿಕ ಕೆಲಸ ಮಾಡುವವರ ಸಂಪಾದನೆ ಒಂದು ಮಿತಿಗಿಂತ ಕಡಿಮೆ ಇದ್ದರೆ, "ನೀನು ಇನ್ನೂ ಕೆಲಸ ಹುಡುಕಬೇಕು" ಅಂತ ಈ ಡಬ್ಬಿಗೆ ಹಾಕುತ್ತಾರೆ. 2022ರ ಸೆಪ್ಟೆಂಬರ್‌ವರೆಗೆ ಆ ಮಿತಿ ವಾರಕ್ಕೆ ಸುಮಾರು 9 ಗಂಟೆ ಕನಿಷ್ಠ ವೇತನದಷ್ಟಿತ್ತು. ಆಗ 12 ಗಂಟೆ ಮಾಡಿದರು. 2023ರ ಜನವರಿ ಕೊನೆಗೆ 15 ಗಂಟೆ. 2024ರ ಮೇ 13ರಿಂದ 18 ಗಂಟೆ. ವಾರಕ್ಕೆ 16 ಗಂಟೆ ದುಡಿಯುವ ಒಬ್ಬರನ್ನು ತೆಗೆದುಕೊಳ್ಳಿ. 2024ರ ಏಪ್ರಿಲ್‌ನಲ್ಲಿ ಅವರು ಈ ಲೆಕ್ಕದಲ್ಲಿ ಇರಲಿಲ್ಲ. ಬೇಸಿಗೆಯಲ್ಲಿ ಇದ್ದರು. ಅವರ ಕೆಲಸ ಅದೇ, ಗಂಟೆ ಅದೇ, ಸಂಬಳ ಅದೇ.

ನಿಮ್ಮ ಬರೋದಲ್ಲಿ ಶುಚಿ ಕೆಲಸ, ಅಡುಗೆಮನೆ, ಗೋದಾಮು, ಹೋಟೆಲ್ ಕೆಲಸ ಮಾಡುವವರು ಜಾಸ್ತಿ. ಹೀಗೆ ಬಾಯಿ ಅಗಲ ಮಾಡಿದಾಗಲೆಲ್ಲ ಅಂಥ ಕಡೆ ಗೆರೆ ಮೇಲೆ ಹೋಗುತ್ತದೆ.

ಸ್ಲೌ_ಸೀಮೆ · ಶನಿವಾರ ರಾತ್ರಿ 11.05

ಎಲ್ಲವನ್ನೂ ನಿಯಮದ ತಲೆಗೆ ಕಟ್ಟಬೇಡಿ ಅಂತ ನನ್ನ ಅಭಿಪ್ರಾಯ. ನಾನು ಹದಿನೆಂಟು ವರ್ಷದಿಂದ ಇಲ್ಲಿ ದುಡಿದು ತೆರಿಗೆ ಕಟ್ಟುತ್ತಿದ್ದೇನೆ. ರಾತ್ರಿ ಪಾಳಿ ಮಾಡಿದ್ದೇನೆ. ಕೆಲಸ ಇದ್ದೂ ಮಾಡದೆ, ಸುಮ್ನೆ ಮನೆಯಲ್ಲಿ ಕೂತು ದುಡ್ಡು ತೆಗೆದುಕೊಳ್ಳುವವರನ್ನು ನನ್ನ ಬೀದಿಯಲ್ಲೇ ನೋಡಿದ್ದೇನೆ. ಗೆರೆ ಇಳಿಯದೇ ಇರುವುದಕ್ಕೆ ಅದೂ ಕಾರಣ ಅಲ್ವಾ? ನೇರವಾಗಿ ಕೇಳುತ್ತಿದ್ದೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಕಾರವಾರದ_ಕಡಲು · ಭಾನುವಾರ ಬೆಳಿಗ್ಗೆ 7.15

ಬೇಜಾರು ಮಾಡಿಕೊಳ್ಳುವುದಿಲ್ಲ ಅಣ್ಣ. ಆದರೆ ನನ್ನ ಕಥೆ ಕೇಳಿ.

ನಾನು ಹುಟ್ಟಿದ್ದು ಕಾರವಾರ, ಮದುವೆಯಾಗಿ ಹೋಗಿದ್ದು ವಾಸ್ಕೋಗೆ. ಗಂಡನಿಗೆ ಅವರ ಅಪ್ಪನ ಕಡೆಯಿಂದ ಪೋರ್ಚುಗೀಸ್ ಪಾಸ್‌ಪೋರ್ಟ್ ಸಿಕ್ಕಿತು. 2013ರಲ್ಲಿ ಇಲ್ಲಿಗೆ ಬಂದೆವು, ಕ್ರಾನ್‌ಫರ್ಡ್‌ನಲ್ಲಿ ಒಂದು ಕೋಣೆ. ಮಾರನೇ ವಾರವೇ ನನಗೆ ವಿಮಾನದ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಬಾಗಿಲು ತೆಗೆದರೆ ಫ್ರಿಜ್ಜಿನೊಳಗೆ ಕಾಲಿಟ್ಟ ಹಾಗೆ. ಎರಡು ಸ್ವೆಟರ್ ಹಾಕಿ ಅದರ ಮೇಲೆ ಬಿಳಿ ಕೋಟು. ಬೆಲ್ಟಿನ ಮೇಲೆ ಟ್ರೇ ಬರುತ್ತದೆ. ಬಲಕ್ಕೆ ಬನ್ನು, ಅದರ ಪಕ್ಕ ಬೆಣ್ಣೆ, ಎಡಕ್ಕೆ ಸಲಾಡ್, ಮೇಲೆ ಸಿಹಿ, ಕೊನೆಗೆ ಚಮಚದ ಪೊಟ್ಟಣ. ಬನ್ನಿನ ಮುಖ ಯಾವ ಕಡೆ ಇರಬೇಕು ಅನ್ನುವುದಕ್ಕೂ ಗೋಡೆ ಮೇಲೆ ಫೋಟೋ ಇತ್ತು. ಏಳು ವರ್ಷ ಅದನ್ನೇ ಮಾಡಿದೆ. ಗಂಡ 2019ರಲ್ಲಿ ತೀರಿಕೊಂಡರು. ಮಗ ಆಗ ಎಂಟು ವರ್ಷದವನು.

2020ರ ಮಾರ್ಚ್ ಮೂರನೇ ವಾರ ಬೆಲ್ಟು ನಿಂತಿತು. ನಿಧಾನ ಆಗಲಿಲ್ಲ, ನಿಂತೇ ಹೋಯಿತು. ಕ್ರಾನ್‌ಫರ್ಡ್ ಗೊತ್ತಿರುವವರಿಗೆ ಗೊತ್ತು, ನಮ್ಮ ತಲೆ ಮೇಲೆ ಒಂದೂವರೆ ನಿಮಿಷಕ್ಕೊಂದು ವಿಮಾನ. ಪಶ್ಚಿಮದ ಗಾಳಿ ಇದ್ದ ದಿನ ಮಧ್ಯಾಹ್ನ ಮೂರಕ್ಕೆ ರನ್‌ವೇ ಬದಲಾಗುತ್ತದೆ, ಅದನ್ನು ನೋಡಿಯೇ ನಾವು ಸಮಯ ಹೇಳುತ್ತಿದ್ದೆವು. ಆ ಏಪ್ರಿಲ್‌ನಲ್ಲಿ ಮೂರು ಗಂಟೆ ಆದದ್ದು ಗೊತ್ತಾಗುತ್ತಿರಲಿಲ್ಲ. ಮಗ ಕಿಟಕಿಯಲ್ಲಿ ನಿಂತು "ಅಮ್ಮಾ, ಹಕ್ಕಿ ಕೂಗೋದು ಕೇಳಿಸ್ತಾ ಇದೆ" ಅಂದ.

ಮೊದಲು ಫರ್ಲೋ ಅಂತ, ಕೆಲಸ ನಿಂತರೂ ಸರ್ಕಾರದ ನೆರವಿನಿಂದ ಶೇಕಡ 80 ಸಂಬಳ ಬಂತು. ಆಮೇಲೆ ಕೆಲಸವೇ ಹೋಯಿತು. ಯುನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿ ಮೊದಲ ದುಡ್ಡಿಗೆ ಐದು ವಾರ ಕಾದೆ. ಮುಂಗಡ ಕೊಡುತ್ತಾರೆ, ಆದರೆ ಅದು ಸಾಲ. ಮುಂದಿನ ತಿಂಗಳುಗಳಲ್ಲಿ ಕಡಿದುಕೊಳ್ಳುತ್ತಾರೆ. ಅದರ ಆನ್‌ಲೈನ್ ಖಾತೆಯಲ್ಲಿ ಜರ್ನಲ್ ಅಂತ ಒಂದಿದೆ. ಎಲ್ಲೆಲ್ಲಿ ಅರ್ಜಿ ಹಾಕಿದೆ, ಯಾರಿಗೆ ಫೋನ್ ಮಾಡಿದೆ, ಎಲ್ಲಾ ಬರೆಯಬೇಕು. ವಾರಕ್ಕೆ 35 ಗಂಟೆವರೆಗೆ ಕೆಲಸ ಹುಡುಕಬೇಕು ಅನ್ನುವ ಕರಾರಿಗೆ ಒಪ್ಪಿಗೆ ಕೊಡಬೇಕು. ತಪ್ಪಿದರೆ ದುಡ್ಡು ಕಡಿತ. ಸುಮ್ನೆ ಕೂತು ತೆಗೆದುಕೊಳ್ಳುವ ದುಡ್ಡು ಅಲ್ಲ ಅಣ್ಣ ಅದು.

ಈಗ ಬಾತ್ ರೋಡಿನ ಒಂದು ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುತ್ತೇನೆ. ವಾರಕ್ಕೆ 16 ಗಂಟೆ, ನಾಲ್ಕು ಬೆಳಿಗ್ಗೆ. ಜಾಸ್ತಿ ಗಂಟೆ ಕೊಡಿ ಅಂತ ಎರಡು ವರ್ಷದಿಂದ ಕೇಳುತ್ತಿದ್ದೇನೆ. 2024ರ ಬೇಸಿಗೆಯಲ್ಲಿ ಇದ್ದಕ್ಕಿದ್ದ ಹಾಗೆ ಜರ್ನಲ್‌ನಲ್ಲಿ ಸಂದೇಶ ಬಂತು, ಮತ್ತೆ ವರ್ಕ್ ಕೋಚ್, ಅಂದರೆ ನಾವು ಕೆಲಸ ಹುಡುಕುವುದನ್ನು ನೋಡಿಕೊಳ್ಳುವ ಅಧಿಕಾರಿಯನ್ನು, ನೋಡಲು ಬಾ ಅಂತ. ನಾನು ಏನು ತಪ್ಪು ಮಾಡಿದೆ ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. 111ನೇ ಬಸ್ ಹಿಡಿದು ಹೋಗಿ ಹತ್ತು ನಿಮಿಷ ಮಾತಾಡಿ ಬಂದೆ. ಯಾಕೆ ಕರೆದರು ಅಂತ ಅವರು ಹೇಳಿದ್ದು ನನಗೆ ಪೂರ್ತಿ ಅರ್ಥ ಆಗಿರಲಿಲ್ಲ. ಇವತ್ತು ಅಂಕಿ ಲೆಕ್ಕದವರು ಬರೆದದ್ದು ಓದಿದ ಮೇಲೆ ಗೊತ್ತಾಯಿತು.

ಸ್ಲೌ_ಸೀಮೆ · ಭಾನುವಾರ ಬೆಳಿಗ್ಗೆ 9.30

ತಂಗೀ, ಓದಿದೆ. ನಿಮ್ಮಂಥವರನ್ನು ಮನಸ್ಸಿನಲ್ಲಿಟ್ಟು ನಾನು ಹೇಳಿರಲಿಲ್ಲ, ಆದರೆ ನಿಮಗೆ ತಾಗುವ ಹಾಗೆ ಹೇಳಿದೆ. ಕ್ಷಮಿಸಿ. 16 ಗಂಟೆ ದುಡಿಯುವವರೂ ಆ ಲೆಕ್ಕದಲ್ಲಿ ಇರುತ್ತಾರೆ ಅಂತ ನಿಜವಾಗಿ ನನಗೆ ಗೊತ್ತಿರಲಿಲ್ಲ.

ಬ್ರೆಂಟ್‌ಫರ್ಡ್_ಅಜ್ಜ · ಭಾನುವಾರ ಬೆಳಿಗ್ಗೆ 11.10

ಮಕ್ಕಳೇ, ಇದು ಹೊಸದಲ್ಲ. ನಾನು ಮಂಗಳೂರಿನಿಂದ ಬಂದಿದ್ದು 1974ರಲ್ಲಿ. ಗ್ರೇಟ್ ವೆಸ್ಟ್ ರಸ್ತೆಯ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದೆ. ಆಗ ಆ ರಸ್ತೆಗೆ ಗೋಲ್ಡನ್ ಮೈಲ್ ಅಂತ ಹೆಸರು. ಎರಡೂ ಕಡೆ ಕಾರ್ಖಾನೆ, ಪಾಳಿ ಬಿಟ್ಟರೆ ಸೈಕಲ್ಲು ಬಸ್ಸು ತುಂಬಿ ಹೋಗುತ್ತಿತ್ತು. ಫೈರ್‌ಸ್ಟೋನ್ ಟೈರ್ ಕಾರ್ಖಾನೆ 1979ರಲ್ಲಿ ಮುಚ್ಚಿತು. ಮುಂದಿನ ಆಗಸ್ಟ್‌ನಲ್ಲಿ, ರಜೆಯ ವಾರಾಂತ್ಯದಲ್ಲಿ, ಅದರ ಚಂದದ ಮುಂಭಾಗವನ್ನು ಒಡೆದು ಹಾಕಿದರು. ಜಿಲೆಟ್ ಕಾರ್ಖಾನೆ 2006ರವರೆಗೆ ಎಳೆಯಿತು. ಅದರ ಗಡಿಯಾರ ಗೋಪುರ ಈಗಲೂ ನಿಂತಿದೆ, ನೋಡಿರುತ್ತೀರಿ.

ನನ್ನ ಕೆಲಸ ಹೋಗಿದ್ದು 1981ರಲ್ಲಿ. 1982ರ ಜನವರಿಯಲ್ಲಿ ದೇಶದಲ್ಲಿ ನಿರುದ್ಯೋಗಿಗಳ ಲೆಕ್ಕ 30 ಲಕ್ಷ ದಾಟಿತು ಅಂತ ರೇಡಿಯೋದಲ್ಲಿ ಹೇಳಿದ್ದು ನೆನಪಿದೆ. ಹದಿನೈದು ದಿನಕ್ಕೊಮ್ಮೆ ಸಾಲಿನಲ್ಲಿ ನಿಂತು ಸಹಿ ಹಾಕಬೇಕು. ಕೈಯಲ್ಲಿ ಯುಬಿ40 ಅನ್ನುವ ಚೀಟಿ.

ನಾನು ಹೇಳಬೇಕೆಂದಿದ್ದು ನನ್ನ ಹೆಂಡತಿಯ ವಿಷಯ. ಅವಳು ಐಲ್‌ವರ್ತ್‌ನ ಒಂದು ಹೊಲಿಗೆ ಮನೆಯಲ್ಲಿದ್ದಳು. ಅವಳ ಕೆಲಸವೂ ಅದೇ ವರ್ಷ ಹೋಯಿತು. ಆಗ ಮದುವೆಯಾದ ಹೆಂಗಸರು ಸರ್ಕಾರಿ ವಿಮೆಯ ಕಂತನ್ನು ಕಡಿಮೆ ಕಟ್ಟಬಹುದಿತ್ತು, ಸಣ್ಣ ಸ್ಟ್ಯಾಂಪ್ ಅನ್ನುತ್ತಿದ್ದರು. ಅವಳು ಬಂದ ಹೊಸದರಲ್ಲೇ ಅದಕ್ಕೆ ಒಪ್ಪಿ ಸಹಿ ಮಾಡಿದ್ದಳು. ಹಾಗಾಗಿ ಭತ್ಯೆ ಇಲ್ಲ. ಆದರೂ ಕೆಲಸ ಬೇಕು ಅಂತ ಹೆಸರು ನೋಂದಾಯಿಸಿದ್ದಳು, ಹಾಗಾಗಿ ಲೆಕ್ಕದಲ್ಲಿದ್ದಳು. 1982ರ ಅಕ್ಟೋಬರ್‌ನಲ್ಲಿ ಲೆಕ್ಕದ ರೀತಿ ಬದಲಾಯಿಸಿದರು. ಇನ್ನು ಮೇಲೆ ಹೆಸರು ಬರೆಸಿದವರನ್ನಲ್ಲ, ಭತ್ಯೆ ಪಡೆಯುವವರನ್ನು ಮಾತ್ರ ಎಣಿಸುತ್ತೇವೆ ಅಂತ. ಒಂದೇ ದಿನದಲ್ಲಿ ಅವಳಂಥವರು ಸಂಖ್ಯೆಯಿಂದ ಮಾಯ. ಮುಂದಿನ ವರ್ಷ 60 ದಾಟಿದ ಗಂಡಸರು ಸಹಿ ಹಾಕುವುದು ಬೇಡ ಅಂದರು, ಅವರೂ ಹೋದರು. 1988ರಲ್ಲಿ 16, 17 ವಯಸ್ಸಿನ ಹುಡುಗರದ್ದು.

ಆಗ ಡಬ್ಬಿಯ ಬಾಯಿ ಕಿರಿದು ಮಾಡಿದರು. ಈಗ ಅಗಲ ಮಾಡಿದ್ದಾರೆ. ನನ್ನ ಹೆಂಡತಿ ಮತ್ತೆ ಕೆಲಸ ಕಂಡಿದ್ದು 1985ರಲ್ಲಿ. ಆ ಮೂರು ವರ್ಷ ಅವಳು ಯಾವ ಕಾಗದದಲ್ಲೂ ನಿರುದ್ಯೋಗಿ ಅಲ್ಲ.

ಹೆಸ್ಟನ್_ಹಾಸನದವಳು · ಭಾನುವಾರ ಮಧ್ಯಾಹ್ನ 12.45

ಅಜ್ಜಾ, ನಿಮ್ಮ ಹೆಂಡತಿಯವರ ವಿಷಯ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಇದನ್ನು ಆ ಹುಡುಗನಿಗೆ ಖಂಡಿತ ಹೇಳುತ್ತೇನೆ.

ಅಂಕಿ ಲೆಕ್ಕದವರೇ, ಹಾಗಾದರೆ 2020ರ ಆ ಗೋಡೆಯಂಥ ಏರಿಕೆಯೂ ಬರೀ ನಿಯಮವಾ? ಅದು ಹಾಗಲ್ಲ ಅಂತ ನನ್ನ ಮನಸ್ಸು ಹೇಳುತ್ತಿದೆ. ನಾನೇ ಕಣ್ಣಾರೆ ನೋಡಿದ್ದೇನಲ್ಲ.

ಅಂಕಿ_ಲೆಕ್ಕ · ಭಾನುವಾರ ಮಧ್ಯಾಹ್ನ 2.20

ಇಲ್ಲ ಅಕ್ಕಾ, ಅದು ನಿಜವಾದ ಏಟು. ದೇಶದ ಲೆಕ್ಕ 2020ರ ಮಾರ್ಚ್‌ನಲ್ಲಿ ಸುಮಾರು 12ರಿಂದ 13 ಲಕ್ಷ ಇತ್ತು. ಆ ಬೇಸಿಗೆಗೆ ಸುಮಾರು 27 ಲಕ್ಷ. ಎರಡು ಪಟ್ಟಿಗಿಂತ ಜಾಸ್ತಿ. ಹೌನ್ಸ್‌ಲೋ, ಹಿಲಿಂಗ್ಡನ್, ಸ್ಲೌ, ಗ್ಯಾಟ್ವಿಕ್ ಪಕ್ಕದ ಕ್ರಾಲಿ, ಲೂಟನ್, ಹೀಗೆ ವಿಮಾನ ನಿಲ್ದಾಣದ ಸುತ್ತಲಿನ ಊರುಗಳಿಗೆ ಏಟು ಇನ್ನೂ ಜೋರಾಗಿ ಬಿತ್ತು.

ನಿಮ್ಮ ಪಕ್ಕದ ಹೀಥ್ರೋ ವಿಮಾನ ನಿಲ್ದಾಣದ ಪ್ರಯಾಣಿಕರ ಸಂಖ್ಯೆ ಜೊತೆಗಿಟ್ಟು ನೋಡಿ. 2019ರಲ್ಲಿ 8 ಕೋಟಿ 9 ಲಕ್ಷ. 2020ರಲ್ಲಿ 2 ಕೋಟಿ 21 ಲಕ್ಷ. 2021ರಲ್ಲಿ ಇನ್ನೂ ಇಳಿದು 1 ಕೋಟಿ 94 ಲಕ್ಷ. ಬೇರೆ ಊರುಗಳಲ್ಲಿ 2021ರ ಬೇಸಿಗೆಗೆ ಅಂಗಡಿ, ಹೋಟೆಲ್ ತೆರೆದು ಜನ ಕೆಲಸಕ್ಕೆ ಮರಳುತ್ತಿದ್ದಾಗ ನಿಮ್ಮ ಕಡೆ ಅರ್ಧ ನಿಲ್ದಾಣ ಮುಚ್ಚಿಯೇ ಇತ್ತು. ನಾಲ್ಕನೇ ಟರ್ಮಿನಲ್ 2020ರ ಮೇನಿಂದ 2022ರ ಜೂನ್‌ವರೆಗೆ ಮಾಮೂಲಿ ಪ್ರಯಾಣಿಕರಿಗೆ ತೆರೆಯಲೇ ಇಲ್ಲ. ನಿಮ್ಮ ಗೆರೆ ವರ್ಷವಿಡೀ ಮೇಲೇ ಇದ್ದದ್ದು ಇದಕ್ಕೇ.

ಫರ್ಲೋ ಯೋಜನೆ 2021ರ ಸೆಪ್ಟೆಂಬರ್ 30ರವರೆಗೆ ಇತ್ತು. ಮನೆಯಲ್ಲಿ ಕೂತು ಸಂಬಳ ಪಡೆದವರು ಉದ್ಯೋಗಿಗಳು ಅಂತಲೇ ಲೆಕ್ಕ, ಅವರಲ್ಲಿ ಹೆಚ್ಚಿನವರು ಕ್ಲೈಮೆಂಟ್ ಕೌಂಟ್‌ಗೆ ಬರಲಿಲ್ಲ. ಹಾಗಾಗಿ ನಿಜವಾಗಿ ಕೆಲಸ ನಿಂತುಹೋದವರು ಆ ಗೋಡೆಗಿಂತಲೂ ಜಾಸ್ತಿ.

ಇನ್ನೊಂದು ಸೂಕ್ಷ್ಮ ಇದೆ. ಹೀಥ್ರೋ ಹೌನ್ಸ್‌ಲೋದಲ್ಲಿ ಇಲ್ಲ, ಪಕ್ಕದ ಹಿಲಿಂಗ್ಡನ್ ಬರೋದಲ್ಲಿದೆ. ಆದರೆ ಈ ಲೆಕ್ಕ ಕೆಲಸ ಎಲ್ಲಿತ್ತು ಅಂತ ನೋಡುವುದಿಲ್ಲ, ಮನುಷ್ಯ ಎಲ್ಲಿ ಮಲಗುತ್ತಾನೆ ಅಂತ ನೋಡುತ್ತದೆ. ಕಾರವಾರದ ಅಕ್ಕ ಕ್ರಾನ್‌ಫರ್ಡ್‌ನಲ್ಲಿ ಮಲಗುವುದರಿಂದ ಹೌನ್ಸ್‌ಲೋದ ಲೆಕ್ಕದಲ್ಲಿ. ಇದರ ಇನ್ನೊಂದು ಮುಖ ನೋಡಿ. ಜಿಎಸ್‌ಕೆ ಔಷಧ ಕಂಪನಿ 2024ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಬ್ರೆಂಟ್‌ಫರ್ಡ್‌ನಿಂದ ಲಂಡನ್ ನಡುವಿಗೆ ಸಾಗಿಸಿತು. ದೊಡ್ಡ ಕಟ್ಟಡ ಖಾಲಿಯಾಯಿತು, ಸುತ್ತಲಿನ ಕಾಫಿ ಅಂಗಡಿಗೆ ಗಿರಾಕಿ ಕಡಿಮೆ. ಆದರೆ ಅಲ್ಲಿನ ಉದ್ಯೋಗಿಗಳು ಕೆಲಸ ಉಳಿಸಿಕೊಂಡು ಬೇರೆ ರೈಲು ಹಿಡಿದರು ಅಷ್ಟೇ. ಕ್ಲೈಮೆಂಟ್ ಕೌಂಟ್‌ಗೆ ಅದು ಗೊತ್ತೇ ಆಗುವುದಿಲ್ಲ.

ಈಗ ನಿಮ್ಮ ಹುಡುಗನ ಪ್ರಶ್ನೆ. 2024ರಲ್ಲಿ ಹೀಥ್ರೋದಲ್ಲಿ 8 ಕೋಟಿ 39 ಲಕ್ಷ ಪ್ರಯಾಣಿಕರು. ಹಳೆಯ ದಾಖಲೆ ಮುರಿಯಿತು. ಆದರೂ ಗೆರೆ ಹಳೇ ಜಾಗಕ್ಕೆ ಬಂದಿಲ್ಲ. ನಡುವೆ ಮೂರು ಸಲ ಬಾಯಿ ಅಗಲವಾಗಿದೆ. 2020ರ ಚುಕ್ಕೆ ಮತ್ತು ಇವತ್ತಿನ ಚುಕ್ಕೆ ಒಂದೇ ಕಾಗದದಲ್ಲಿದ್ದರೂ ಒಂದೇ ಅಳತೆಗೋಲಿನದ್ದಲ್ಲ. ಅದಕ್ಕೂ ಹಿಂದೆ, ಜಾಬ್‌ಸೀಕರ್ಸ್ ಅಲೋವೆನ್ಸ್ ಹೋಗಿ ಯುನಿವರ್ಸಲ್ ಕ್ರೆಡಿಟ್ ಬಂದ ಊರುಗಳಲ್ಲೆಲ್ಲ ಲೆಕ್ಕ ಏರಿತ್ತು, ಯಾಕೆಂದರೆ ಹೊಸ ಪದ್ಧತಿಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ ಹುಡುಕುವ ಷರತ್ತು ಬರಬಹುದು. ಆರೋಗ್ಯ ಪರೀಕ್ಷೆಗೆ ಕಾಯುತ್ತಿರುವವರೂ ಇದೇ ಡಬ್ಬಿಯಲ್ಲಿ ಇರಬಹುದು.

ಹಾಗಂತ ಉಳಿದದ್ದೆಲ್ಲ ನಿಯಮ ಅಂತಲೂ ನಾನು ಹೇಳುವುದಿಲ್ಲ. ಕೆಲಸಗಳು ವಾಪಸ್ ಬಂದವು, ಆದರೆ ಗಂಟೆಗಳು ಅಷ್ಟೇ ಬರಲಿಲ್ಲ, ಜನರೂ ಅವರೇ ಬರಲಿಲ್ಲ. 2022ರ ಬೇಸಿಗೆಯಲ್ಲಿ ಸಿಬ್ಬಂದಿ ಸಾಲದೆ ಹೀಥ್ರೋ ದಿನಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಪ್ರಯಾಣಿಕರನ್ನು ಕಳಿಸುವುದಿಲ್ಲ ಅಂತ ಮಿತಿ ಹಾಕಿತ್ತು, ಅಕ್ಟೋಬರ್ ಕೊನೆವರೆಗೆ. ಅದೇ ಹೊತ್ತಿಗೆ ಐದು ಮೈಲಿ ದೂರದಲ್ಲಿ ಕೆಲಸ ಬೇಕಾದವರು ಜರ್ನಲ್ ಬರೆಯುತ್ತಿದ್ದರು.

ಕಾರವಾರದ_ಕಡಲು · ಭಾನುವಾರ ಮಧ್ಯಾಹ್ನ 3.05

ಅದು ಯಾಕೆ ಅಂತ ನಾನು ಹೇಳುತ್ತೇನೆ. ವಿಮಾನ ನಿಲ್ದಾಣದ ಒಳಗಿನ ಕೆಲಸಕ್ಕೆ ಪಾಸು ಬೇಕು. ಪಾಸಿಗೆ ಹಿಂದಿನ ಐದು ವರ್ಷದ ಲೆಕ್ಕ ಕೊಡಬೇಕು. ಎಲ್ಲಿ ಕೆಲಸ ಮಾಡಿದೆ, ನಡುವೆ ಖಾಲಿ ಇದ್ದರೆ ಏನು ಮಾಡುತ್ತಿದ್ದೆ, ಯಾರು ಸಾಕ್ಷಿ. ಎರಡು ವರ್ಷ ಅಲ್ಲಿ ಇಲ್ಲಿ ಕೆಲಸ ಮಾಡಿದವರಿಗೆ ಅದೆಲ್ಲ ಹೊಂದಿಸುವುದು ಎಷ್ಟು ಕಷ್ಟ ಗೊತ್ತಾ? ನಾನು ಮೂರು ತಿಂಗಳು ಓಡಾಡಿದೆ. ನಡುವೆ ನಾನು ಕೆಲಸ ಮಾಡಿದ್ದ ಒಂದು ಸಣ್ಣ ಅಂಗಡಿ ಮುಚ್ಚಿಹೋಗಿತ್ತು. ಅದರ ಮಾಲೀಕರ ಕಾಗದ ಸಿಗಲೇ ಇಲ್ಲ. ಅಷ್ಟರಲ್ಲಿ ಹೋಟೆಲಿನವರು ಕರೆದರು. ಸಿಕ್ಕಿದ್ದನ್ನು ಹಿಡಿದೆ.

ಮೈಸೂರಿನ_ಹುಡುಗ · ಭಾನುವಾರ ಸಂಜೆ 6.50

ನಾನು ಇಷ್ಟು ಹೊತ್ತು ಓದುತ್ತಾ ಇದ್ದೆ. ಬರೆಯಲೋ ಬೇಡವೋ ಅಂತ ಯೋಚನೆ.

ನಾನು ಹೌನ್ಸ್‌ಲೋ ವೆಸ್ಟ್‌ನಲ್ಲಿ ಇದ್ದೇನೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಸ್ಕಿಲ್ಡ್ ವರ್ಕರ್ ವೀಸಾ. ಕಳೆದ ವರ್ಷ ಕಂಪನಿಯವರು ನಮ್ಮ ತಂಡವನ್ನೇ ತೆಗೆದರು. ಹನ್ನೊಂದು ಜನ. ನಮ್ಮಲ್ಲಿ ನಾಲ್ವರು ಕರ್ನಾಟಕದವರು. ನನ್ನ ಹಳೇ ವೀಸಾ ಕಾರ್ಡಿನ ಮೇಲೆ "ನೋ ಪಬ್ಲಿಕ್ ಫಂಡ್ಸ್" ಅಂತ ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು. ಅಂದರೆ ಯುನಿವರ್ಸಲ್ ಕ್ರೆಡಿಟ್ ಇಲ್ಲ. ಗೃಹ ಇಲಾಖೆಯಿಂದ ಕಾಗದ ಬಂದರೆ ಅಲ್ಲಿಂದ 60 ದಿನ. ಅಷ್ಟರಲ್ಲಿ ಬೇರೆ ಪ್ರಾಯೋಜಕರು, ಅಂದರೆ ವೀಸಾಕ್ಕೆ ಹೊಣೆ ಹೊರುವ ಕಂಪನಿ, ಸಿಗಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಮನೆಯಲ್ಲಿ ಅಮ್ಮನಿಗೆ ಹೇಳಲಿಲ್ಲ. ಪ್ರತಿ ದಿನ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಲೈಬ್ರರಿಗೆ ಹೋಗಿ ಅಲ್ಲಿಂದಲೇ ವಿಡಿಯೋ ಕರೆ ಮಾಡುತ್ತಿದ್ದೆ, ಹಿಂದೆ ಆಫೀಸಿನ ಥರ ಕಾಣಲಿ ಅಂತ. 47ನೇ ದಿನ ಕೆಲಸ ಸಿಕ್ಕಿತು. ಇಬ್ಬರು ಗೆಳೆಯರು ವಾಪಸ್ ಹೋದರು.

ನಾನು ಕೇಳಬೇಕಾಗಿರುವುದು ಇಷ್ಟೇ. ಆ 47 ದಿನ ನಾನು ಆ ಗ್ರಾಫ್‌ನಲ್ಲಿ ಇರಲಿಲ್ಲ ಅಲ್ವಾ?

ಅಂಕಿ_ಲೆಕ್ಕ · ಭಾನುವಾರ ಸಂಜೆ 7.30

ಇರಲಿಲ್ಲ ತಮ್ಮಾ. ಕೆಲಸ ಇಲ್ಲದೆ ಕೆಲಸ ಹುಡುಕುತ್ತಿದ್ದ ನೀನು ಲೆಕ್ಕದ ಹೊರಗೆ, ಕೆಲಸಕ್ಕೆ ಹೋಗುತ್ತಿದ್ದ ಕಾರವಾರದ ಅಕ್ಕ ಲೆಕ್ಕದ ಒಳಗೆ.

ಕೆಲಸ ಇಲ್ಲದವರನ್ನು ಅಳೆಯುವ ಇನ್ನೊಂದು ದಾರಿ ಇದೆ. ಮನೆಮನೆ ಸಮೀಕ್ಷೆ. ಕಳೆದ ನಾಲ್ಕು ವಾರದಲ್ಲಿ ಕೆಲಸ ಹುಡುಕಿದ್ದೀರಾ, ಎರಡು ವಾರದೊಳಗೆ ಸೇರಲು ಸಿದ್ಧ ಇದ್ದೀರಾ ಅಂತ ಕೇಳುತ್ತಾರೆ. ಭತ್ಯೆ, ವೀಸಾ ಯಾವುದೂ ಲೆಕ್ಕಕ್ಕಿಲ್ಲ. ಅವರು ನಿನ್ನ ಬಾಗಿಲಿಗೆ ಬಂದಿದ್ದರೆ ನೀನು ನಿರುದ್ಯೋಗಿ ಅಂತ ದಾಖಲಾಗುತ್ತಿದ್ದೆ. ಆದರೆ ಒಂದು ಬರೋದಲ್ಲಿ ಸಮೀಕ್ಷೆಗೆ ಸಿಗುವ ಮನೆಗಳು ಬಹಳ ಕಡಿಮೆ, ಹಾಗಾಗಿ ಸ್ಥಳೀಯ ಅಂಕಿ ಅಲುಗಾಡುತ್ತದೆ. ಉತ್ತರ ಕೊಡುವವರು ಎಷ್ಟು ಕಡಿಮೆಯಾದರು ಅಂದರೆ 2023ರ ಅಕ್ಟೋಬರ್‌ನಲ್ಲಿ ಓಎನ್‌ಎಸ್ ಆ ಸಮೀಕ್ಷೆಯ ಅಂಕಿ ಪ್ರಕಟಿಸುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿತ್ತು. ಅದಕ್ಕೇ ಊರಿನ ಮಟ್ಟದಲ್ಲಿ ಎಲ್ಲರೂ ಕ್ಲೈಮೆಂಟ್ ಕೌಂಟ್ ಹಿಡಿದುಕೊಂಡು ಮಾತಾಡುವುದು. ತಿಂಗಳು ತಿಂಗಳು ಬರುತ್ತದೆ, ವಾರ್ಡ್‌ವರೆಗೂ ಸಿಗುತ್ತದೆ.

ಇನ್ನೊಂದು ಮಾತು, ಇದನ್ನು ಎಲ್ಲರೂ ಓದಿ. ನ್ಯೂ ಸ್ಟೈಲ್ ಜಾಬ್‌ಸೀಕರ್ಸ್ ಅಲೋವೆನ್ಸ್ ಅಂತ ಒಂದಿದೆ. ಅದು ನಾವು ಕಟ್ಟಿದ ನ್ಯಾಷನಲ್ ಇನ್ಶೂರೆನ್ಸ್ ಕಂತಿನ ಮೇಲೆ ಸಿಗುವುದು. 182 ದಿನದವರೆಗೆ. 2025–26ರಲ್ಲಿ 25 ದಾಟಿದವರಿಗೆ ವಾರಕ್ಕೆ 92.05 ಪೌಂಡ್. ಕಂತಿನಿಂದ ಬರುವುದರಿಂದ ಅದು ವೀಸಾ ನಿಯಮದಲ್ಲಿ ಹೇಳುವ "ಪಬ್ಲಿಕ್ ಫಂಡ್ಸ್" ಪಟ್ಟಿಯಲ್ಲಿ ಇಲ್ಲ. ಆದರೆ ಬೇರೆ ಷರತ್ತುಗಳಿವೆ, ವೀಸಾದಿಂದ ವೀಸಾಕ್ಕೆ ವ್ಯತ್ಯಾಸ ಇದೆ. ಗೆಳೆಯರ ಮಾತು ನಂಬಿ ಅರ್ಜಿ ಹಾಕಬೇಡಿ, ಹಾಕದೆಯೂ ಇರಬೇಡಿ. ಮೊದಲು ಸಿಟಿಜನ್ಸ್ ಅಡ್ವೈಸ್‌ನಲ್ಲಿ ನಿಮ್ಮ ಕಾಗದ ತೋರಿಸಿ ಕೇಳಿ, ಅದು ಉಚಿತ ಸಲಹೆ ಕೊಡುವ ಸಂಸ್ಥೆ.

ಮೈಸೂರಿನ_ಹುಡುಗ · ಭಾನುವಾರ ಸಂಜೆ 7.42

ಆರು ವರ್ಷ ಕಂತು ಕಟ್ಟಿದ್ದೆ. ಇದು ಗೊತ್ತೇ ಇರಲಿಲ್ಲ. ವಾಪಸ್ ಹೋದ ಇಬ್ಬರಿಗೂ ಗೊತ್ತಿರಲಿಲ್ಲ.

ಶಿವಮೊಗ್ಗ_ಮಲೆನಾಡು · ಭಾನುವಾರ ರಾತ್ರಿ 8.15

ಊರಿನಿಂದ ಓದುತ್ತಿದ್ದೇನೆ, ಇಲ್ಲಿ ಮಧ್ಯರಾತ್ರಿ ದಾಟಿದೆ. ನಮ್ಮಲ್ಲಿ ಯುವನಿಧಿ ಶುರುವಾಗಿದ್ದು ನಮ್ಮ ಶಿವಮೊಗ್ಗದಲ್ಲೇ, 2024ರ ಜನವರಿ 12ರಂದು. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಎರಡು ವರ್ಷದವರೆಗೆ. ಚಿಕ್ಕಪ್ಪನ ಮಗಳು ಪಡೆಯುತ್ತಾಳೆ. ಅವಳ ಅಣ್ಣ ಪದವಿ ಮುಗಿಸಿ ಐದು ವರ್ಷ ಆಯಿತು, ಕೆಲಸ ಇಲ್ಲ, ಅವನಿಗೆ ಬರುವುದಿಲ್ಲ. ಫಲಾನುಭವಿಗಳ ಸಂಖ್ಯೆ ಇಷ್ಟು ಅಂತ ಪೇಪರಿನಲ್ಲಿ ಬಂದರೆ ಅದರಲ್ಲಿ ತಂಗಿ ಇರುತ್ತಾಳೆ, ಅಣ್ಣ ಇರುವುದಿಲ್ಲ. ನಿಮ್ಮ ಮಾತು ಓದಿ ಅದು ನೆನಪಾಯಿತು.

ಅಲ್ಲಿ ವಯಸ್ಸಿನ ಪ್ರಕಾರ ಭತ್ಯೆ ಬೇರೆ ಬೇರೆಯಾ?

ಹೆಸ್ಟನ್_ಹಾಸನದವಳು · ಭಾನುವಾರ ರಾತ್ರಿ 9.10

ಹೌದು. ಒಂಟಿಯಾಗಿರುವವರಿಗೆ, 25 ದಾಟಿದ್ದರೆ ಯುನಿವರ್ಸಲ್ ಕ್ರೆಡಿಟ್ ಮೂಲ ಮೊತ್ತ ತಿಂಗಳಿಗೆ 400.14 ಪೌಂಡ್. 25ರ ಒಳಗಿದ್ದರೆ 316.98. ಇದು 2025–26ರ ಲೆಕ್ಕ. ಬಾಡಿಗೆ, ಮಕ್ಕಳಿಗೆ ಅಂತ ಬೇರೆ ಸೇರುತ್ತದೆ. ಆದರೆ ಅಂಗಡಿಯಲ್ಲಿ ಹಾಲಿಗೆ ಎಲ್ಲರಿಗೂ ಒಂದೇ ಬೆಲೆ. 22 ವರ್ಷದ ಹುಡುಗಿಯೊಬ್ಬಳು ಇದನ್ನೇ ಹೇಳಿ ನನ್ನ ಮುಂದೆ ಅತ್ತಿದ್ದಳು, ನಾನು ಏನು ಉತ್ತರ ಕೊಡಲಿ.

ಸಂಜೆಯೆಲ್ಲ ನೋಮಿಸ್ ತೆರೆದು ನಮ್ಮ ಬರೋದ ವಾರ್ಡುಗಳನ್ನು ನೋಡಿದೆ. ಒಂದೇ ಬರೋದ ಎರಡು ತುದಿ. ಪೂರ್ವಕ್ಕೆ ಚಿಸ್ವಿಕ್, ನದಿ ದಂಡೆಯ ಮನೆಗಳು. ಅಲ್ಲಿ ಅಂಕಿ ಸಣ್ಣದು. ಪಶ್ಚಿಮಕ್ಕೆ ಬಂದಂತೆ, ಹೆಸ್ಟನ್, ಕ್ರಾನ್‌ಫರ್ಡ್, ಫೆಲ್ಟಮ್ ಕಡೆ ದೊಡ್ಡದಾಗುತ್ತಾ ಹೋಗುತ್ತದೆ. ಬರೋದ ಸರಾಸರಿ ಅಂತ ಒಂದು ಅಂಕಿ ಹೇಳಿದರೆ ಅದು ಎರಡೂ ಕಡೆಯವರಿಗೂ ಹೊಂದುವುದಿಲ್ಲ. ನನ್ನ ಶನಿವಾರದ ಮೇಜಿಗೆ ಚಿಸ್ವಿಕ್‌ನಿಂದ ಐದು ವರ್ಷದಲ್ಲಿ ಬಂದವರು ಇಬ್ಬರೇ.

ನನಗೆ ಈಗ ಅನಿಸುವುದು ಇದು. ಆ ಗ್ರಾಫ್ ಹಿಡಿದು ಬಂದ ಹುಡುಗನಿಗೆ ಗ್ರಾಫ್ ಸುಳ್ಳು ಅಂತ ಹೇಳಬಾರದು. ಅದು ಸುಳ್ಳಲ್ಲ. ಯಾವ ತಿಂಗಳಲ್ಲಿ ನಿಯಮ ಬದಲಾಯಿತೋ ಅಲ್ಲೆಲ್ಲ ಪೆನ್ಸಿಲ್‌ನಿಂದ ನೆಟ್ಟ ಗೆರೆ ಎಳೆದುಕೊಡುತ್ತೇನೆ. 2022 ಸೆಪ್ಟೆಂಬರ್, 2023 ಜನವರಿ, 2024 ಮೇ. ಆಮೇಲೆ ಅವನೇ ನೋಡಲಿ. ಕೌನ್ಸಿಲಿನವರಾಗಲಿ ಪೇಪರಿನವರಾಗಲಿ ಈ ಗ್ರಾಫ್ ಹಾಕುವಾಗ ಆ ಮೂರು ಗೆರೆಗಳನ್ನು ಎಳೆಯಬೇಕು. ಇಲ್ಲದಿದ್ದರೆ 16 ಗಂಟೆ ದುಡಿಯುವ ಹೆಂಗಸನ್ನು ಓದುವವರು ಸೋಮಾರಿ ಅಂದುಕೊಳ್ಳುತ್ತಾರೆ.

ಸ್ಲೌ_ಸೀಮೆ · ಭಾನುವಾರ ರಾತ್ರಿ 9.35

ನಾನು ಅಂದುಕೊಂಡಿದ್ದೆ, ನಿಜ. ಒಂದು ಪ್ರಶ್ನೆ ಉಳಿದಿದೆ. ಗಂಟೆ ಜಾಸ್ತಿ ಮಾಡಿ ಅಂತ ಒತ್ತಾಯಿಸುವುದು ತಪ್ಪಾ? 16ರ ಬದಲು 30 ಗಂಟೆ ಮಾಡಿದರೆ ಅವರಿಗೇ ಒಳ್ಳೆಯದಲ್ವಾ?

ಕಾರವಾರದ_ಕಡಲು · ಭಾನುವಾರ ರಾತ್ರಿ 10.00

ಒಳ್ಳೆಯದೇ ಅಣ್ಣ. ನಾನೇ ಕೇಳುತ್ತಿದ್ದೇನಲ್ಲ. ಒತ್ತಾಯ ನನ್ನ ಮೇಲೆ ಬರುತ್ತದೆ, ಗಂಟೆ ಕೊಡುವವರು ಬೇರೆ. ಹೋಟೆಲಿನ ಸೂಪರ್‌ವೈಸರ್ ಹತ್ತಿರ ನನ್ನ ಜರ್ನಲ್ ತೋರಿಸಿ ಕೇಳಲು ಆಗುವುದಿಲ್ಲ.

ಒಂದು ಸುದ್ದಿ ಹೇಳಬೇಕಿತ್ತು. ಶುಕ್ರವಾರ ಅವರು ಇನ್ನೊಂದು ಬೆಳಿಗ್ಗೆ ಕೊಟ್ಟರು. ಮುಂದಿನ ವಾರದಿಂದ 20 ಗಂಟೆ. ನಮಗೆ ಕೊಡುವುದು ಕನಿಷ್ಠ ವೇತನ, 2025–26ರಲ್ಲಿ ಗಂಟೆಗೆ 12.21 ಪೌಂಡ್. ಮಗನ ಜೊತೆ ಕೂತು ಲೆಕ್ಕ ಹಾಕಿದೆ. ಇಷ್ಟು ದಿನ ತಿಂಗಳಿಗೆ ಸುಮಾರು 846 ಪೌಂಡ್ ಬರುತ್ತಿತ್ತು, ಇನ್ನು ಸುಮಾರು 1,058. ಆ ಡಬ್ಬಿಯ ಮಿತಿ ಎಷ್ಟು ಅಂತ ಮಗನೇ ಹುಡುಕಿದ, 2025–26ರಲ್ಲಿ ಒಬ್ಬರಿಗೆ ತಿಂಗಳಿಗೆ 952 ಪೌಂಡ್.

ಅಂಕಿ_ಲೆಕ್ಕ · ಭಾನುವಾರ ರಾತ್ರಿ 10.08

ಹಾಗಾದರೆ ನೀವು ಡಬ್ಬಿಯಿಂದ ಹೊರಗೆ ಬಂದಿರಿ ಅಕ್ಕಾ. ಹೊಸ ಸಂಬಳ ದಾಖಲಾದ ಮೇಲೆ ಹೌನ್ಸ್‌ಲೋದ ಲೆಕ್ಕದಲ್ಲಿ ನೀವು ಇರುವುದಿಲ್ಲ. ಆದರೆ ಯುನಿವರ್ಸಲ್ ಕ್ರೆಡಿಟ್ ನಿಲ್ಲುವುದಿಲ್ಲ, ಅದು ಬೇರೆ. ಒಂದು ಮಟ್ಟ ದಾಟಿದ ಮೇಲೆ ದುಡಿದ ಪ್ರತಿ ಪೌಂಡಿಗೆ 55 ಪೆನ್ಸ್ ಭತ್ಯೆಯಲ್ಲಿ ಕಡಿಯುತ್ತಾರೆ. ಹೆಚ್ಚಾದ 212 ಪೌಂಡಿನಲ್ಲಿ ಸುಮಾರು 95 ನಿಮ್ಮ ಕೈಗೆ ಉಳಿಯಬಹುದು.

ಕಾರವಾರದ_ಕಡಲು · ಭಾನುವಾರ ರಾತ್ರಿ 10.20

95 ಅಂದರೆ ಮಗನ ಚಳಿಗಾಲದ ಶೂ, ಮತ್ತೆ ಸ್ವಲ್ಪ ಉಳಿಯುತ್ತದೆ. ಸಾಕು. ಹೆಸ್ಟನ್ ಅಕ್ಕಾ, ಶನಿವಾರ ನನಗೆ ರಜೆ ಇದೆ. ನಿಮ್ಮ ಭವನಕ್ಕೆ ಬರುತ್ತೇನೆ, 111 ಅಲ್ಲೇ ನಿಲ್ಲುತ್ತದಲ್ಲ. ಪಾಸಿಗೆ ಐದು ವರ್ಷದ ಕಾಗದ ಹೊಂದಿಸುವುದು ಹೇಗೆ ಅಂತ ನನಗೆ ಬಾಯಿಪಾಠ ಆಗಿದೆ, ಯಾರಿಗಾದರೂ ಬೇಕಾದರೆ ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿಕೊಡುತ್ತೇನೆ.

ಹೆಸ್ಟನ್_ಹಾಸನದವಳು · ಭಾನುವಾರ ರಾತ್ರಿ 10.24

ಹತ್ತು ಗಂಟೆಗೆ ಬಾಗಿಲು ತೆಗೆಯುತ್ತೇವೆ. ಒಂಬತ್ತೂವರೆಗೇ ಬನ್ನಿ, ಮೊದಲು ಇಬ್ಬರೂ ಒಂದು ಟೀ ಕುಡಿಯೋಣ. ಮೈಸೂರಿನ ತಮ್ಮಾ, ನೀನೂ ಬಾ. ಆ 182 ದಿನದ ಭತ್ಯೆಯ ವಿಷಯ ಕನ್ನಡದಲ್ಲಿ ಒಂದು ಪುಟ ಬರೆದು ಗೋಡೆಗೆ ಅಂಟಿಸಬೇಕು. ಸಿಟಿಜನ್ಸ್ ಅಡ್ವೈಸ್‌ನವರ ಹತ್ತಿರ ಸರಿ ನೋಡಿಸಿಕೊಂಡೇ ಅಂಟಿಸೋಣ.